ಕುದುರೆಯ ಪಕ್ಕ ಬಿದ್ದವನು

ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸುತ್ತಿದ್ದವಳನ್ನು ಬೀದಿಯವರೆಲ್ಲ ಗಾಜಿನಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಹಾಸಿಗೆ ಹಿಡಿದಾಗ ಅಂಗಡಿ ಅವಳ ಹೆಗಲಿಗೆ ಬಿದ್ದಿತ್ತು. ಮದುವೆಯ ಮಾತೆತ್ತಿದವರಿಗೆ, "ನನಗೆ ಕಟ್ಟು ಹಾಕೋ ಗಂಡು ಇನ್ನೂ ಹುಟ್ಟಿಲ್ಲ ಬಿಡಿ" ಎಂದು ನಗುತ್ತಿದ್ದಳು.

ಅವಳ ತಮ್ಮ ಸೈನ್ಯದಲ್ಲಿದ್ದ. ಸೋತ ಯುದ್ಧದಿಂದ ಅವನ ತುಕಡಿಯಲ್ಲಿ ಬದುಕಿ ಬಂದವನು ಅವನೊಬ್ಬನೇ. ಬಂದವನು ಅಂಗಡಿಯ ಹಿಂಬದಿಯಲ್ಲಿ ಗಾಜು ಕೊಯ್ಯುತ್ತ ಕೂತುಬಿಟ್ಟ. ಅಲ್ಲಿ ನಡೆದದ್ದರ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಗಿರಾಕಿಯೊಬ್ಬ, "ನೀನೊಬ್ಬನೇ ಹೇಗಪ್ಪ ಉಳಿದೆ?" ಎಂದು ಕೇಳಿದಾಗ ಕೈಯಲ್ಲಿದ್ದ ಗಾಜನ್ನು ಗೋಡೆಗೆ ಅಪ್ಪಳಿಸಿದ್ದ. ಅಂದಿನಿಂದ ಯುದ್ಧದ ಚಿತ್ರ ಬಂದರೆ ಅಕ್ಕ ಅವನ ಕಣ್ಣಿಗೆ ಬೀಳದಂತೆ ತಾನೇ ಮುಗಿಸುತ್ತಿದ್ದಳು.

ಒಂದು ಮಧ್ಯಾಹ್ನ, ಅವನು ಊಟಕ್ಕೆ ಹೋಗಿದ್ದಾಗ, ನಿವೃತ್ತ ಟೀಚರೊಬ್ಬರು ಅಜ್ಜನ ಕಾಲದ ಮುದ್ರಿತ ಚಿತ್ರವೊಂದನ್ನು ತಂದುಕೊಟ್ಟು ಹೋದರು. ಯಾವುದೋ ಹಳೆಯ ರಣರಂಗ. ಕೆಸರಲ್ಲಿ ತಲೆ ತಗ್ಗಿಸಿ ಕೂತ ಸೈನಿಕರು, ಮುರಿದ ಬಂಡಿ, ಸತ್ತ ಕುದುರೆಯ ಪಕ್ಕ ಬಿದ್ದವನೊಬ್ಬ. ತೇವಕ್ಕೆ ಕಾಗದ ಗಾಜಿಗೆ ಅಂಟಿಕೊಂಡಿತ್ತು. ತೆಳು ಚಾಕು ಹಿಡಿದು ಅಕ್ಕ ಬಿಡಿಸತೊಡಗಿದಳು. ಬೆನ್ನ ಹಿಂದೆ ಉಸಿರು ಕೇಳಿಸಿತು.

"ಚಾಕು ಕೊಡಕ್ಕ."

"ಬೇಡ ಕಣೋ. ನಾನ್ ಮಾಡ್ತೀನಿ, ನೀನ್ ಹೋಗಿ ಸ್ವಲ್ಪ ಮಲ್ಕೋ."

"ಕೊಡು ಅಂದೆ."

ಅವನ ಕುತ್ತಿಗೆಯ ನರ ಉಬ್ಬಿತ್ತು. ಎಳೆದಾಡಿದರೆ ಯಾರ ಕೈ ಕೊಯ್ಯುತ್ತದೋ ಎಂದು ಅವಳು ಕೊಟ್ಟಳು. ಮಾಡಿದ್ದು ತಪ್ಪೆಂದು ಆ ಕ್ಷಣವೇ ಅನ್ನಿಸಿತು. ಅವನು ಚಿತ್ರದ ಮೇಲೆ ಬಾಗಿದ. ಚಾಕುವಿನ ತುದಿ ಬಂದು ಕುದುರೆಯ ಪಕ್ಕ ಬಿದ್ದವನ ಮೇಲೆ ನಿಂತಿತು.

"ಇವನು ಸತ್ತಿಲ್ಲ."

"ಅದ್ಹೇಗೆ ಹೇಳ್ತೀಯ?"

"ಮುಖ ಮುಚ್ಕೊಂಡಿದ್ದಾನೆ ನೋಡು. ಸತ್ತೋರು ಮುಖ ಮುಚ್ಕೊಳಲ್ಲ. ಸತ್ತ ಹಾಗೆ ಬಿದ್ಕೊಂಡಿದ್ದಾನೆ, ಅಷ್ಟೆ. ನಾನೂ ಹಾಗೇ ಬಿದ್ಕೊಂಡಿದ್ದೆ."

ಅವನೇ ಮುಂದುವರಿಸಿದ.

"ನಮ್ಮ ಬೀದಿ ದರ್ಜಿಯಮ್ಮನ ಮಗ, ನಮ್ಮ ತುಕಡಿಲೇ ಇದ್ನಲ್ಲ, ಗುಂಡು ತಿಂದು ಸ್ವಲ್ಪ ದೂರದಲ್ಲೇ ಬಿದ್ದಿದ್ದ. ನೀರು ನೀರು ಅಂತಿದ್ದ. ಶತ್ರುಗಳು ಸುತ್ತ ಓಡಾಡ್ತಿದ್ರು, ಅಲ್ಲಾಡಿದ್ರೆ ಹೊಡೀತಿದ್ರು. ನೀರಿನ ಬಾಟ್ಲಿ ನನ್ನ ಸೊಂಟದಲ್ಲೇ ಇತ್ತಕ್ಕ."

ಅವನ ಬೆರಳುಗಳನ್ನು ಬಿಡಿಸಿ ಅವಳು ಚಾಕು ತೆಗೆದುಕೊಂಡಳು. "ಅವನಮ್ಮಂಗೆ ಏನಂದಿದ್ದೆ?"

"ಒಂದೇ ಗುಂಡಿಗೆ ಹೋದ, ನೋವೇ ಗೊತ್ತಾಗ್ಲಿಲ್ಲ ಅಂದಿದ್ದೆ." ಆಮೇಲೆ ಚಪ್ಪಲಿ ಮೆಟ್ಟಿದ. "ಹೋಗಿ ಹೇಳ್ಬೇಕು. ನೀನೂ ಬಾ."

ದರ್ಜಿಯಮ್ಮ ರವಿಕೆ ಹೊಲಿಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ಒಂದಕ್ಷರ ಬಿಡದೆ ಹೇಳಿದ. ಮೆಷಿನ್ ತುಳಿಯುತ್ತಿದ್ದ ಕಾಲು ನಿಂತಿತು. ಕೈ ಹತ್ತಿರದಲ್ಲೇ ಇದ್ದ ಕತ್ತರಿಯ ಮೇಲೆ ಹೋಗಿ ಬಿತ್ತು. ಗಾಜಿನಕ್ಕ ತಮ್ಮನ ಮುಂದೆ ಬಂದು ನಿಂತಳು.

"ನನ್ನ ಕರೆದನಾ?" ಎಂದಳು ದರ್ಜಿಯಮ್ಮ.

"ಕರೆದ."

ಅವಳು ಕತ್ತರಿ ಸರಿಸಿದಳು. "ಈಗ ಹೋಗು. ನಾಳೆ ಬಾ. ಅವನು ಏನೇನಂದ, ಎಲ್ಲ ಹೇಳು. ಇವತ್ತು ನನ್ನ ಕೈಲಾಗಲ್ಲ."

ಮರುದಿನ ಅವನೊಬ್ಬನೇ ಹೋದ. ಕಣ್ಣು ಊದಿಸಿಕೊಂಡು ಬಂದ. ಮತ್ತೆ ಕರೆದಾಗ ಮತ್ತೆ ಹೋದ. ಚಿತ್ರವನ್ನು ಅಕ್ಕ ತಮ್ಮ ಸೇರಿಯೇ ಬಿಡಿಸಿದರು. ಮೂಲೆ ಚೂರು ಹರಿಯಿತು, ಟೀಚರು ಬೈದರು. ಕ್ಷಮಿಸಿದೆ ಎಂದು ದರ್ಜಿಯಮ್ಮ ಎಂದೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಸಾಯುವವರೆಗೂ ಅವಳು ಮಗನ ಸುದ್ದಿ ಮಾತಾಡಿದ್ದು ಅವನೊಬ್ಬನ ಜೊತೆಗೇ.