ವರ್ಲೀನ್ ಸ್ಟಕಿಯ ಕಿತ್ತಳೆ ಮೇಲಂಗಿ

ಹಾರ್ಲನ್ ಕ್ರೀಕಿನಲ್ಲಿ ನಲವತ್ತು ದಾಟದವರೆಲ್ಲ ನೆಟ್ಟಗೆ ಕೂರಲು ಕಲಿತದ್ದು ವರ್ಲೀನ್ ಸ್ಟಕಿಯ ಬಾಯಿಗೆ ಹೆದರಿ. ಮೂವತ್ತೊಂದು ವರ್ಷ ಆಕೆ ನಮ್ಮೂರ ಶಾಲೆಯ ಹಳದಿ ಬಸ್ಸು ಓಡಿಸಿದಳು. ಎಂದೂ ಹಿಂದಕ್ಕೆ ತಿರುಗಿದವಳಲ್ಲ. ಕನ್ನಡಿಯಲ್ಲಿ ಒಮ್ಮೆ ಹುಬ್ಬೇರಿಸಿದರೆ ಸಾಕು, ಕೊನೆಯ ಸೀಟಿನವನ ಬಾಯಿಯ ಚೂಯಿಂಗ್ ಗಮ್ಮು ತಾನಾಗಿ ಹೊಟ್ಟೆಗಿಳಿಯುತ್ತಿತ್ತು.

ಆ ಬಾಯಿಗೆ ಡಿಸೆಂಬರಿನಲ್ಲಿ ಇನ್ನೊಂದು ಕೆಲಸವೂ ಇತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಊರಿನ ಕ್ಲಬ್ಬಿನವರು ಪ್ರದರ್ಶನದ ಮೈದಾನದ ತುಂಬ ದೀಪ ಕಟ್ಟುತ್ತಾರೆ. ಒಂದೂವರೆ ಮೈಲಿ ಸುತ್ತು. ಯಾರೂ ಕಾರಿನಿಂದ ಇಳಿಯುವ ಹಾಗಿಲ್ಲ, ಕೂತಲ್ಲೇ ನೋಡುತ್ತ ಸಾಗಬೇಕು. ಇದ್ದ ದೊಡ್ಡ ಕಟ್ಟಳೆ ಒಂದೇ: ಗೇಟು ದಾಟುವ ಮೊದಲು ಕಾರಿನ ದೀಪ ಆರಿಸಬೇಕು. ಆರಿಸದಿದ್ದರೆ ಮುಂದಿನ ಕಾರಿನವರ ಪಾಲಿಗೆ ಬೆಳಕಿನ ಜಿಂಕೆಯೂ ಇಲ್ಲ, ದೇವದೂತರೂ ಇಲ್ಲ. ಹದಿನಾಲ್ಕು ವರ್ಷ ವರ್ಲೀನ್ ಆ ಗೇಟಿನಲ್ಲಿ ಟಾರ್ಚು ಹಿಡಿದು, ಕ್ಲಬ್ಬು ಕೊಟ್ಟ ಮಿರುಗುಪಟ್ಟಿಯ ಕಿತ್ತಳೆ ಮೇಲಂಗಿ ತೊಟ್ಟು, "ದೀಪ ಆರ್ಸೋ!" ಎಂದು ಕೂಗುತ್ತ ನಿಂತಳು. ಪಾದ್ರಿ ಬಂದರೂ ಏಕವಚನವೇ.

ಹೋದ ವರ್ಷ ಟೈರಂಗಡಿಯ ರಾಂಡಲ್ ಆ ಗೇಟಿಗೆ ಹೊಸ ಟ್ರಕ್ಕು ತಂದ.

"ಇದು ಆರಲ್ಲ ವರ್ಲೀನ್, ನಿನ್ನಾಣೆ!"

"ಮೂವತ್ತೊಂದು ವರ್ಷ ಗಾಡಿ ಓಡ್ಸಿದೀನಿ ಕಣೋ. ಆರ್ಸಕ್ಕಾಗ್ದೆ ಇರೋ ದೀಪ ಅಂದ್ರೆ ಸೂರ್ಯ ಒಬ್ನೇ," ಎಂದು ವರ್ಲೀನ್ ಟಾರ್ಚಿನಿಂದ ಬಾನೆಟ್ಟಿಗೆ ಒಂದು ಬಿಗಿದಳು. ಬಾನೆಟ್ಟು ನೆಗ್ಗಿತು.

ಕ್ಲಬ್ಬಿಗೆ ಎಲ್ಲರಿಗಿಂತ ಹೆಚ್ಚು ಕಾಣಿಕೆ ಕೊಡುವವನು ರಾಂಡಲ್. ಹನ್ನೊಂದಕ್ಕೆ ಎರಡು ಮತಗಳಿಂದ ಕ್ಲಬ್ಬು ಆಕೆಗೆ ವಿಶ್ರಾಂತಿ ಕೊಟ್ಟಿತು. ಜೊತೆಗೆ ಹೊಗೆಯಾಡಿಸಿದ ಒಂದು ಹಂದಿತೊಡೆ. ವರ್ಲೀನ್ ಅದನ್ನು ನಾಯಿಗೆ ಹಾಕಿದಳು. ಮೇಲಂಗಿ ಹಿಂದಿರುಗಿಸಿ ಎಂದು ಮೂರು ಪತ್ರ ಬಂದವು. ಅವನ್ನು ನಾಯಿಯ ಕೆಳಗೆ ಹಾಸಿದಳು. "ಬೇಕಿದ್ರೆ ನನ್ನ ಹೆಣದ ಮೇಲಿಂದ ಬಿಚ್ಕೊಳ್ಳಲಿ," ಎಂದು ಅಂಚೆಯವನ ಕೈಯಲ್ಲೇ ಹೇಳಿ ಕಳಿಸಿದಳು.

ಈ ಡಿಸೆಂಬರಿನಲ್ಲಿ ಒಂದು ಸಂಜೆ ಮಗಳು ಕೆಂಡ್ರಾಳಿಗೆ ವೃದ್ಧಾಶ್ರಮದಲ್ಲಿ ನರ್ಸು ಪಾಳಿ. "ಅಮ್ಮಾ, ಟಕರ್‌ನ ದೀಪ ನೋಡೋಕೆ ಕರ್ಕೊಂಡ್ಹೋಗೇ. ಮಗು ಸೀಟು ನನ್ನ ಹೊಸ ಕಾರಲ್ಲೇ ಇದೆ, ಅದನ್ನೇ ತಗೋ. ಯಾರ ಹತ್ರನೂ ಜಗಳ ಆಡ್ಬೇಡ."

"ನಾನ್ಯಾಕೆ ಜಗಳ ಆಡ್ಲಿ?" ಎಂದು ವರ್ಲೀನ್ ಕೋಟಿನ ಮೇಲೆ ಕಿತ್ತಳೆ ಮೇಲಂಗಿ ಏರಿಸಿಕೊಂಡಳು.

ಹದಿನಾಲ್ಕು ವರ್ಷ ಬೆನ್ನು ಹಾಕಿ ನಿಂತಿದ್ದ ಆ ದೀಪಗಳನ್ನು ಆಕೆ ಸ್ವತಃ ಒಮ್ಮೆಯೂ ನೋಡಿರಲಿಲ್ಲ. ಈಗ ಹೊರಟದ್ದೂ ನೋಡಲಿಕ್ಕಲ್ಲ. ತಾನಿಲ್ಲದೆ ಗೇಟು ಎಷ್ಟು ಕೆಟ್ಟಿದೆ ಎಂದು ಕಣ್ಣಾರೆ ಕಂಡು ಹೊಟ್ಟೆ ತಣ್ಣಗೆ ಮಾಡಿಕೊಳ್ಳಲಿಕ್ಕೆ.

ಕಾರುಗಳ ಸಾಲು ಹೆದ್ದಾರಿಯವರೆಗೂ ಬೆಳೆದಿತ್ತು. ಎರಡೂವರೆ ವರ್ಷದ ಮೊಮ್ಮಗ ಟಕರ್ ಹಿಂದಿನ ಸೀಟಿನಲ್ಲಿ ತನ್ನ ದುಪ್ಪಟಿ ಅವುಚಿಕೊಂಡು ನಿದ್ದೆಹೋದ. ಅದು ಅವನ ತಾಯಿಯ ಮಂಚದ ಮೇಲಿದ್ದ ಹಳೆಯ ದುಪ್ಪಟಿ. ಅವನಿಗಿಂತ ಎರಡು ಪಟ್ಟು ದೊಡ್ಡದು. ಮದುಮಗಳ ಸೆರಗಿನಂತೆ ಮನೆಯಿಡೀ ಎಳೆದುಕೊಂಡು ತಿರುಗುತ್ತಾನೆ. ಒಗೆಯಬೇಕೆಂದರೂ ಅವನು ಮಲಗಿದಾಗಲೇ ಕದಿಯಬೇಕು.

ಗೇಟಿಗೆ ಐದು ಕಾರು ಇರುವಾಗಲೇ ವರ್ಲೀನ್ ದೀಪದ ಗುಂಡಿ ತಿರುಗಿಸಿದಳು. ಆರಲಿಲ್ಲ. ಹಿಂದಕ್ಕೆ ತಿರುಗಿಸಿದಳು, ಒತ್ತಿದಳು, ಎಳೆದಳು. ಗಾಜು ಒರೆಸುವ ಕಡ್ಡಿ ಆಡಿತು, ಕೂತ ಸೀಟು ಬೆಚ್ಚಗಾಯಿತು, ದೀಪ ಮಾತ್ರ ಉರಿಯುತ್ತಲೇ ಇತ್ತು. ಎಂಜಿನ್ ಓಡುವಷ್ಟು ಹೊತ್ತೂ ಉರಿಯುವ ಜಾತಿ. ರಾಂಡಲನ ಟ್ರಕ್ಕಿನದೂ ಇದೇ ಜಾತಿಯೇ ಇದ್ದಿರಬಹುದು ಎಂಬ ಯೋಚನೆ ಬಂತು. ವರ್ಲೀನ್ ಕನ್ನಡಿಯಲ್ಲಿ ಹುಬ್ಬೇರಿಸಿ ಅದನ್ನು ಕೂರಿಸಿದಳು.

ಗೇಟಿನಲ್ಲಿ ಲೈಲ್ ಹೂಪರ್ ನಿಂತಿದ್ದ. ಹೊಸ ಮೇಲಂಗಿ, ಮುಖದ ತುಂಬ ನಗು. ಬಸ್ಸಿನಲ್ಲಿ ನಾಲ್ಕನೇ ಸೀಟಿನವನು, ದಿನಾ ವಾಂತಿ ಮಾಡುತ್ತಿದ್ದವನು.

"ಮಿಸ್ ವರ್ಲೀನ್! ನೀವಾ! ಹ್ಯಾಪಿ ಕ್ರಿಸ್‌ಮಸ್!"

"ಲೈಲ್, ನನ್ನ ದೀಪ ಉರೀತಿದೆ."

"ಇರ್ಲಿ ಬಿಡಿ. ಈಗಿನ ಕಾರೆಲ್ಲ ಹಂಗೇ. ಹೋಗಿ, ಹೋಗಿ."

"ಏನು, ಹೋಗಿ? ದೀಪ ಉರೀತಿದೆ ಅಂದೆ!"

"ಪರವಾಗಿಲ್ಲ ಮಿಸ್ ವರ್ಲೀನ್, ನಾವೇನೂ ಅನ್ನಲ್ಲ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಹದಿನಾಲ್ಕು ವರ್ಷ ಚಳಿಯಲ್ಲಿ ಗಂಟಲು ಹರಿದುಕೊಂಡು ಕಾಯ್ದ ಕಟ್ಟಳೆಗೆ ಈ ವಾಂತಿಯ ಹುಡುಗ "ಪರವಾಗಿಲ್ಲ" ಅನ್ನುವುದೇ! ಉರಿಯುವ ದೀಪದಲ್ಲಿ ಗೇಟು ದಾಟುವವಳಲ್ಲ ವರ್ಲೀನ್. ಇಳಿದಳು. ಸುತ್ತ ನೋಡಿದಳು. ಹಿಂದಿನ ಬಾಗಿಲು ತೆರೆದು, ಮಲಗಿದ್ದ ಮಗುವಿನ ತೋಳಿನಿಂದ ದುಪ್ಪಟಿಯನ್ನು ಗೇಣುಗೇಣಾಗಿ ಎಳೆದಳು. ಅದರ ಅಂಚನ್ನು ಬಾನೆಟ್ಟಿನ ಸಂದಿಗೆ ಸಿಕ್ಕಿಸಿ ಎರಡೂ ದೀಪದ ಮೇಲೆ ಇಳಿಬಿಟ್ಟಳು.

"ನೋಡ್ಕೋ," ಎಂದಳು ಲೈಲನಿಗೆ. "ಹಿಂಗೆ ಆರಿಸ್ಬೇಕು."

ಮೊದಲ ತಿರುವಿನಲ್ಲೇ ಟಕರ್ ಎದ್ದ. ಎಡಕ್ಕೆ ಬೆಳಕಿನ ಹಿಮಸಾರಂಗಗಳು ಹಾರುತ್ತಿದ್ದವು, ಬಲಕ್ಕೆ ಬೆಳಕಿನ ರೈಲು. ಅವನು ತನ್ನ ಖಾಲಿ ತೋಳು ನೋಡಿಕೊಂಡ.

"ದುಪ್ಪಿ?"

"ಇದೆ ಕಂದಾ, ಆ ಕಡೆ ನೋಡು, ರೈಲು!"

"ನಂದು ದುಪ್ಪಿ!"

ಆಮೇಲೆ ಬಂದದ್ದು ಅಳುವಲ್ಲ, ಅಗ್ನಿಶಾಮಕದವರ ಗಂಟೆ. ರೇಡಿಯೋದಲ್ಲಿ ದೀಪಗಳ ತಾಳಕ್ಕೆ ಬರುತ್ತಿದ್ದ ಹಾಡು ಮುಳುಗಿಹೋಯಿತು. "ಮುಗೀಲಿ, ಕೊಡ್ತೀನಿ," ಎಂದಳು. "ಕೂತ್ಕೋ!" ಎಂದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಮಾತು ನಾಟಲಿಲ್ಲ. ಮಗು ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಉಸಿರು ಕಟ್ಟಿ, ನೀಲಿಗಟ್ಟಿತು.

ವರ್ಲೀನ್ ನಡುದಾರಿಯಲ್ಲಿ ಕಾರು ನಿಲ್ಲಿಸಿ ಇಳಿದಳು. ಎರಡೂ ನಿಷಿದ್ಧ. ಹಿಂದೆ ಇಪ್ಪತ್ತು ಹಾರ್ನು ಒಟ್ಟಿಗೆ ಕೂಗಿದವು. ದುಪ್ಪಟಿ ಕಿತ್ತು ತಂದು ಮಗುವಿನ ಮಡಿಲಿಗೆ ಹಾಕಿದಳು. ಅಳು ತಟ್ಟನೆ ನಿಂತಿತು. ಆದರೆ ಮುಂದಿನ ಟ್ರಕ್ಕಿನ ಬೆನ್ನಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಮಕ್ಕಳೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದರು. ಆ ಟ್ರಕ್ಕಿನ ಕಿಟಕಿಯಿಂದ ಒಬ್ಬ ಹೆಂಗಸು ತಲೆ ಹೊರಹಾಕಿದಳು.

"ಏ ಅಜ್ಜೀ! ದೀಪ ಆರ್ಸು! ಮಕ್ಳಿಗೇನೂ ಕಾಣ್ತಿಲ್ಲ!"

"ಇದು ಆರಲ್ಲ ಕಣೇ!" ಎಂದು ವರ್ಲೀನ್ ಕೂಗಿದಳು. ಕೂಗಿದ ಮೇಲೆ, ಆ ಮಾತನ್ನು ಹಿಂದೆ ಯಾರ ಬಾಯಲ್ಲಿ ಕೇಳಿದ್ದೆನೆಂದು ನೆನಪಾಗಿ ಇನ್ನಷ್ಟು ಉರಿದುಹೋದಳು. ರಾಂಡಲನ ಮೇಲೆ, ಕ್ಲಬ್ಬಿನ ಹನ್ನೊಂದು ಮಂದಿಯ ಮೇಲೆ, ದೀಪಕ್ಕೆ ಗುಂಡಿಯಿಟ್ಟೂ ಆರದಂತೆ ಮಾಡಿದ ಕಾರಿನವರ ಮೇಲೆ. ಮಗುವಿನ ಮೇಲೆ ಮಾತ್ರ ಉರಿಯಲಾಗಲಿಲ್ಲ. ತನ್ನ ಬಟ್ಟೆ ಬಿಡದವರ ಮೇಲೆ ಅವಳು ಯಾವ ಬಾಯಲ್ಲಿ ಸಿಟ್ಟಾಗಬೇಕು?

ಹಲ್ಲು ಕಚ್ಚಿ ಮೇಲಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದಳು. ಎಡಗಡೆಯ ದೀಪಕ್ಕೆ ಅದನ್ನು ಹೊದಿಸಿದಳು. ಬಲಗಡೆಯದಕ್ಕೆ ಸಾಲಲಿಲ್ಲ. ಕಾರು ಒಕ್ಕಣ್ಣಾಗಿ ತೆವಳಿತು.

ನೆತ್ತಿಯ ಮೇಲೆ ಲಕ್ಷ ದೀಪ ಮಿನುಗುತ್ತಿದ್ದವು. ಟಕರ್ ಅವುಗಳಲ್ಲಿ ಯಾವುದನ್ನೂ ನೋಡಲಿಲ್ಲ. ದುಪ್ಪಟಿ ಮೂತಿಗೊತ್ತಿಕೊಂಡು, ಬಾನೆಟ್ಟಿನ ಮೇಲೆ ಮಿರುಗುತ್ತಿದ್ದ ಮೇಲಂಗಿಯತ್ತ ಬೆರಳು ಚಾಚಿದ.

"ಅಲ್ಲಿ ಅಜ್ಜಿ!"

"ಅಜ್ಜಿ ಇಲ್ಲಿದೀನಿ ಕಣೋ, ಕತ್ತೆಮರಿ!" ಎಂದು ವರ್ಲೀನ್ ಗದರಿದಳು.

ಹೊರದಾರಿ ಗೇಟಿನ ಪಕ್ಕಕ್ಕೇ ಬರುತ್ತದೆ. ಲೈಲ್ ಓಡಿ ಬಂದ.

"ಮಿಸ್ ವರ್ಲೀನ್, ಇದು ಕ್ಲಬ್ಬಿನವರು ಕೇಳ್ತಿದ್ದ ಅಂಗಿ ಅಲ್ವಾ?"

"ಹೌದು. ತಗೊಳ್ಳೋ ಧೈರ್ಯ ಇದ್ರೆ ತಗೋ."

ಲೈಲ್ ಕೈ ಹಿಂದೆ ಕಟ್ಟಿಕೊಂಡ.

"ಮತ್ತೆ!" ಎಂದ ಟಕರ್ ಹಿಂದಿನಿಂದ. "ಮತ್ತೆ ಹೋಗಾಣ!"

"ಕೇಳಿಸ್ತಾ? ನಿನ್ನ ಅಂಗಿ ಬಿಚ್ಚು," ಎಂದಳು ವರ್ಲೀನ್. "ಬಲಗಡೆ ದೀಪಕ್ಕೆ ಬೇಕು."

"ಅಂಗಿ ಇಲ್ದೆ ಗೇಟಲ್ಲಿ ನಿಲ್ಲೋ ಹಂಗಿಲ್ಲ, ಮಿಸ್ ವರ್ಲೀನ್!"

"ಹಂಗಾದ್ರೆ ಹೋಗಿ ಕೂತ್ಕೋ."

ಲೈಲ್ ಹೋಗಿ ಟಿಕೆಟ್ಟಿನ ಗೂಡಿನಲ್ಲಿ ಕೂತ. ಅವನ ಅಂಗಿ ಬಲಗಡೆಯ ದೀಪ ಮುಚ್ಚಿತು. ಟಿಕೆಟ್ಟಿನ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

"ರಾಂಡಲ್ ಸಿಕ್ಕಿದ್ರೆ ಹೇಳು," ಎಂದಳು ವರ್ಲೀನ್ ಕಿಟಕಿಯಿಂದ. "ದೀಪ ಆರಲ್ಲ ಅಂತ ಗೊತ್ತಿದ್ಮೇಲೆ ಮನೆಯಿಂದ ದುಪ್ಪಟಿ ತರ್ಬೇಕಿತ್ತು ಅಂತ."

ಕಾಯುವವರಿಲ್ಲದ ಗೇಟಿನೊಳಗೆ ಆಕೆಯ ಮುಂದೆಯೇ ಒಂದು ಕಾರು ದೀಪ ಉರಿಸಿಕೊಂಡು ನುಗ್ಗಿತು. ವರ್ಲೀನ್ ಕತ್ತು ಹೊರಹಾಕಿದಳು.

"ದೀಪ ಆರ್ಸೋ!"

ಆರಿತು. ಅದರ ಹಿಂದೆ ಸಾಲಿನಲ್ಲಿ ಇನ್ನೆರಡು ಕಾರಿನದೂ ಆರಿತು.

"ಆಸೋ!" ಎಂದು ಹಿಂದಿನ ಸೀಟಿನಿಂದ ಟಕರ್ ದುಪ್ಪಟಿ ಬೀಸಿದ. ಒಳ್ಳೆ ಗಂಟಲು. ವರ್ಲೀನ್ ಕನ್ನಡಿಯಲ್ಲಿ ಅವನನ್ನು ನೋಡಿದಳು, ಹುಬ್ಬೇರಿಸಲಿಲ್ಲ.