ಆರು ಸಾಲಿನ ಸೂಚನೆ

ಮೈಸೂರಿನ ಕೋಕಿಲಾ ಜಪಾನಿನ ಫುಕುವೋಕಾದ ವಿಶ್ವವಿದ್ಯಾಲಯದಲ್ಲಿ ಫಿನ್ಲೆಂಡಿನ ಭೂಗೋಳ, ಚರಿತ್ರೆ ಕಲಿಸುತ್ತಿದ್ದಳು. ಕೊರೊನಾ ಬಂದು ಗಡಿ ಮುಚ್ಚಿದ ಮೇಲೆ ಫಿನ್ಲೆಂಡನ್ನು ಕಣ್ಣಾರೆ ನೋಡುವ ಆಸೆಗೂ ಕಲ್ಲು ಬಿತ್ತು. ಅಲ್ಲಿ ಒಂದೂರಿನಲ್ಲಿ ಸ್ವೀಡಿಷ್ ಮಾತಾಡುವವರು ಮೂರು ಸಾವಿರ ಇದ್ದರೆ ಸಾಕು, ಸರಕಾರಿ ಬೋರ್ಡು ಫಿನ್ನಿಷ್ ಜೊತೆಗೆ ಸ್ವೀಡಿಷ್‌ನಲ್ಲೂ ಇರಲೇಬೇಕು ಎಂದು ಲ್ಯಾಪ್‌ಟಾಪಿನ ಮುಂದೆ ಕೂತು ಪಾಠ ಹೇಳುತ್ತಿದ್ದಳು.

2021ರ ಬೇಸಿಗೆಯಲ್ಲಿ ಅವಳ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕುಸಾನೋ-ಸಾನ್, ವಿದೇಶಿ ಬಾಡಿಗೆದಾರರಿಗೆಂದು ಹನ್ನೊಂದು ಸಾಲಿನ ಜಪಾನಿ ಸೂಚನೆಯನ್ನು ಅವಳಿಂದ ಇಂಗ್ಲಿಷಿಗೆ ಮಾಡಿಸಿಕೊಂಡ. ಮರುದಿನ ಲಿಫ್ಟಿನ ಪಕ್ಕ ನೋಡಿದರೆ ಎರಡು ಹಾಳೆ: ಜಪಾನಿಯದು ಪೂರ್ತಿ ಇತ್ತು, ಅವಳ ಅನುವಾದಕ್ಕೆ ಕತ್ತರಿ ಬಿದ್ದಿತ್ತು. ಗುಂಪು ಸೇರಬೇಡಿ, ಗಲಾಟೆ ಮಾಡಬೇಡಿ, ಉಗುಳಬೇಡಿ ಎಂಬಂಥ ಆರೇ ಸಾಲು. ಲಸಿಕೆ ಎಲ್ಲಿ ಹಾಕುತ್ತಾರೆ, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಜಪಾನಿಯಲ್ಲಿ ಮಾತ್ರ.

ಕೋಕಿಲಾಗೆ ಮೈಯೆಲ್ಲ ಉರಿದುಹೋಯಿತು. ಕೇಳಿದರೆ ಅವನು ನಯವಾಗಿ ಬಾಗಿ, "ಉಳಿದದ್ದು ನಿಮಗೆ ಬೇಕಾಗುವುದಿಲ್ಲ ಅಂದುಕೊಂಡೆ" ಎಂದ.

"ಬಿಟ್ಬಿಡೇ, ಸುಮ್ನೆ ಇಶ್ಯೂ ಮಾಡ್ಬೇಡ," ಎಂದ ಗಂಡ ಅಭಿಷೇಕ.

ಅವಳು ಬಿಡಲಿಲ್ಲ. ಎರಡೂ ಹಾಳೆ ಕಿತ್ತು ಹೊಸವನ್ನು ಅಂಟಿಸಿದಳು: ಇಂಗ್ಲಿಷಿನಲ್ಲಿ ಹನ್ನೊಂದೂ ಸಾಲು, ಜಪಾನಿಯಲ್ಲಿ ಆ ಆರೇ.

ಸಂಜೆಯೊಳಗೆ ಕುಸಾನೋ-ಸಾನ್ ಬಾಗಿಲು ತಟ್ಟಿದ. ಮಾಸ್ಕಿನ ಮೇಲೆ ಕಾಣುತ್ತಿದ್ದಷ್ಟು ಮುಖ ಕೆಂಪಾಗಿತ್ತು. "ನಮ್ಮವರಿಗೆ ಬರೀ ಬೈಗುಳವೇ? ಲಸಿಕೆಯ ವಿಷಯ ಎಲ್ಲಿ?"

ಕೋಕಿಲಾ ಅವನಿಗಿಂತ ಒಂದು ಗೇಣು ಹೆಚ್ಚೇ ಬಾಗಿದಳು.

"ಸುಮಿಮಾಸೆನ್, ಕ್ಷಮಿಸಿ. ಉಳಿದದ್ದು ನಿಮಗೆ ಬೇಕಾಗುವುದಿಲ್ಲ ಅಂದುಕೊಂಡೆ."