ಗವಿಸಿದ್ದಯ್ಯನವರ ಶತಮಾನ

ಮಾಗಡಿಯಲ್ಲಿ ಜಾತಕ ಬರೆಯುವ ಗವಿಸಿದ್ದಯ್ಯನವರ ಹಳೆಯ ಕಂಪ್ಯೂಟರಿಗೆ ಇಸವಿಯ ಕೊನೆಯ ಎರಡಂಕಿ ಮಾತ್ರ ಗೊತ್ತು. ಶತಮಾನವನ್ನು ಸೆಟ್ಟಿಂಗಿನಲ್ಲಿ ಇವರೇ ತಿದ್ದಬೇಕು. ಒಮ್ಮೆ ಮರೆತದ್ದಕ್ಕೆ ತೊಟ್ಟಿಲ ಕೂಸಿನ ಜಾತಕದಲ್ಲಿ ‘ಮರಿಮಕ್ಕಳ ಯೋಗ’ ಬಂದುಬಿಟ್ಟಿತ್ತು. ಅಂದಿನಿಂದ ಹಲ್ಲುದುರಿದ ಅಜ್ಜ ಬರಲಿ, ಹಲ್ಲು ಮೂಡದ ಮಗು ಬರಲಿ, “ಹುಟ್ಟಿದ್ದು ಸಾವ್ರದೊಂಬೈನೂರಾ, ಎರಡ್ಸಾವ್ರಾನಾ?” ಎಂದು ಮೂರು ಸಲ ಕೇಳದೆ ಕೀಲಿ ಒತ್ತುವುದಿಲ್ಲ. ಫೋನೆತ್ತಿದರೂ ಹಲೋ ಬದಲು ಅದೇ ಪ್ರಶ್ನೆ. ಮಗಳನ್ನು ನೋಡಲು ಬಂದ ಗಂಡಿಗೂ ಅದೇ ಪ್ರಶ್ನೆ. ಮೊನ್ನೆ ನೂರು ತುಂಬಿದ ಬೋರಮ್ಮ ಬಂದು, “ಇನ್ನೆಷ್ಟು ದಿನ ಐತೆ, ಒಸಿ ನೋಡಿ ಅಯ್ನೋರೆ,” ಎಂದಳು. ಪರದೆಯ ಮೇಲೆ ‘ಆಯುಷ್ಯ ಮುಗಿದಿದೆ’ ಎಂದು ಮೂಡಿತು. ಗವಿಸಿದ್ದಯ್ಯ ಏನೂ ಕೇಳದೆ, ಸದ್ದಿಲ್ಲದೆ ಶತಮಾನವನ್ನು ಎರಡು ಸಾವಿರಕ್ಕೆ ತಿರುಗಿಸಿ ಓದಿದರು: “ಇನ್ನೂ ಎಂಬತ್ತು ವರ್ಷ ಐತೆ ಕಣಜ್ಜಿ. ಮುಂದಿನ್ ತಿಂಗ್ಳು ಹಲ್ಲು ಬತ್ತವೆ.”